ಗಿಟಾರ್ ಆಂಪ್: ಕಂಪ್ಯೂಟರಿನ ಸದ್ದು ನಕಲಿ, ಪ್ರೊಸೆಸರ್ ಸದ್ದು ಅಸಲಿ ಎನ್ನುವುದು ನಿಜವೇ?

ಎಲೆಕ್ಟ್ರಿಕ್ ಗಿಟಾರ್ ಕೊಂಡವರಿಗೆ ಕೆಲವೇ ದಿನಗಳಲ್ಲಿ ಎರಡನೆಯ ಖರ್ಚು ಎದುರಾಗುತ್ತದೆ. ಗಿಟಾರ್ ಒಂದೇ ಇದ್ದರೆ ಅದರ ಸದ್ದು ಪಕ್ಕದ ಕೋಣೆಗೂ ಕೇಳುವುದಿಲ್ಲ. ಅದಕ್ಕೊಂದು ಆಂಪ್ಲಿಫೈಯರ್, ಚಿಕ್ಕದಾಗಿ ಹೇಳುವುದಾದರೆ ಆಂಪ್ ಬೇಕು. ಒಳ್ಳೆಯ ವಾಲ್ವ್ ಆಂಪ್ ದುಬಾರಿ, ಭಾರವೂ ಹೆಚ್ಚು. ಮನೆಯಲ್ಲಿ ಅದನ್ನು ಪೂರ್ತಿ ಜೋರು ಮಾಡಿದರೆ ಅಕ್ಕಪಕ್ಕದವರು ಬಂದು ಬಾಗಿಲು ತಟ್ಟುತ್ತಾರೆ. ಹಾಗಾಗಿ ಇಂದು ಹೆಚ್ಚಿನವರು ಆಂಪ್‌ನ ಡಿಜಿಟಲ್ ರೂಪದ ಮೊರೆಹೋಗುತ್ತಾರೆ. ಇದಕ್ಕೆ ಎರಡು ದಾರಿಗಳಿವೆ. ಒಂದು, ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶ. ಇನ್ನೊಂದು, ಕಾಲಿನ ಬಳಿ ನೆಲದ ಮೇಲೆ ಇಟ್ಟುಕೊಳ್ಳುವ ಪೆಟ್ಟಿಗೆ. ಗಿಟಾರ್ ವಾದಕರ ಬಾಯಲ್ಲಿ ಅದು ‘ಪ್ರೊಸೆಸರ್’.

ಇವೆರಡರ ನಡುವೆ ಆರಿಸಿಕೊಳ್ಳುವಾಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಕಂಪ್ಯೂಟರಿನದ್ದು ಬರೀ ಆಟಿಕೆ, ಅಸಲಿ ಆಂಪ್‌ನ ಸದ್ದು ಬೇಕಿದ್ದರೆ ಪ್ರೊಸೆಸರನ್ನೇ ಕೊಳ್ಳಬೇಕು. ಈ ಮಾತು ನಂಬಿ ಎಷ್ಟೋ ಮಂದಿ ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೂ ಹತ್ತಾರು ಸಾವಿರ ರೂಪಾಯಿ ಹಾಕುತ್ತಾರೆ. ಲಕ್ಷ ದಾಟುವ ಪ್ರೊಸೆಸರ್‌ಗಳೂ ಇವೆ. ಇದಕ್ಕೆ ತದ್ವಿರುದ್ಧವಾದ ಮಾತೂ ಇದೆ: ಎಲ್ಲವೂ ಲ್ಯಾಪ್‌ಟಾಪ್‌ನಲ್ಲೇ ಆಗುವಾಗ ಪೆಟ್ಟಿಗೆ ಕೊಳ್ಳುವುದು ದಂಡ. ಎರಡರಲ್ಲಿ ನಿಜ ಯಾವುದು? ಚುಟುಕಾಗಿ ಹೇಳುವುದಾದರೆ, ಸದ್ದು ಹುಟ್ಟುವ ಬಗೆ ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ಬೇರೆ ಕಡೆ. ಅದೆಲ್ಲಿ ಎಂದು ತಿಳಿಯದೆ ದುಡ್ಡು ಹಾಕಿದರೆ ನಷ್ಟ ನಮಗೇ.

ಆಂಪ್ ಮಾಡುವ ಕೆಲಸವಾದರೂ ಏನು?

ಆಂಪ್ ಎಂದರೆ ಸದ್ದನ್ನು ದೊಡ್ಡದು ಮಾಡುವ ಯಂತ್ರ ಎಂದಷ್ಟೇ ನಾವು ಅಂದುಕೊಳ್ಳುತ್ತೇವೆ. ಹಾಡು ಕೇಳುವ ಸ್ಪೀಕರ್ ವ್ಯವಸ್ಥೆಯ ಮಟ್ಟಿಗೆ ಅದು ಸರಿ. ಆದರೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಆಂಪ್ ವಾದ್ಯದ ಅರ್ಧ ಭಾಗ. ವೀಣೆಗೆ ಬುರುಡೆ ಹೇಗೋ ಹಾಗೆ.

ಗಿಟಾರಿನ ತಂತಿ ಕಂಪಿಸಿದಾಗ ಅದರ ಕೆಳಗಿರುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಪಿಕಪ್‌ನಲ್ಲಿ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಆಂಪ್‌ನ ವಾಲ್ವ್‌ಗಳು ಇದನ್ನು ಹಂತಹಂತವಾಗಿ ಹಿಗ್ಗಿಸುತ್ತವೆ. ವಾಲ್ವ್‌ಗೆ ತನ್ನದೇ ಮಿತಿ ಇದೆ. ಅದನ್ನು ಮೀರಿ ನೂಕಿದರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಅಲೆ ಹೀಗೆ ಚಪ್ಪಟೆಯಾದಾಗ ಮೂಲದಲ್ಲಿ ಇಲ್ಲದ ಹೊಸ ಕಂಪನಾಂಕಗಳು ಸೇರಿಕೊಳ್ಳುತ್ತವೆ. ಉದಾಹರಣೆಗೆ ಗಿಟಾರಿನ ಐದನೆಯ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಅಲೆ ಚಪ್ಪಟೆಯಾದರೆ 220, 330, 440 ಹೀಗೆ ಅದರ ಗುಣಕಗಳು ಬಲ ಪಡೆಯುತ್ತವೆ. ರಾಕ್ ಸಂಗೀತದಲ್ಲಿ ಕೇಳುವ ಗರಗರ ದನಿ ಹುಟ್ಟುವುದು ಹೀಗೆ. ಮೊದಲು ದೋಷ ಎನಿಸಿಕೊಂಡದ್ದು ಕಡೆಗೆ ವಾದ್ಯದ ಗುಣವೇ ಆಯಿತು.

ಕೊನೆಯ ಹಂತ ಸ್ಪೀಕರ್. ಗಿಟಾರ್ ಸ್ಪೀಕರ್‌ಗಳು ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಬಹುಮಟ್ಟಿಗೆ ಕತ್ತರಿಸುತ್ತವೆ. ಈ ಕತ್ತರಿ ಇಲ್ಲದಿದ್ದರೆ ಗರಗರ ದನಿ ಕಿವಿಗೆ ಜೀರುಂಡೆಯ ಕಿರುಚಾಟದಂತೆ ಕೇಳುತ್ತದೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆಂಪ್‌ನ ಸರ್ಕ್ಯೂಟಿನಲ್ಲಿ ಅಂಥ ಗುಟ್ಟೇನೂ ಇಲ್ಲ. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯಲ್ಲಿ ತಯಾರಾದ ಮೊದಲ ಮಾರ್ಷಲ್ ಆಂಪ್, ಅಮೆರಿಕದ ಫೆಂಡರ್ ಬಾಸ್‌ಮ್ಯಾನ್ ಆಂಪ್‌ನ ಸರ್ಕ್ಯೂಟನ್ನು ಮುಂದಿಟ್ಟುಕೊಂಡೇ ಕಟ್ಟಿದ್ದು. ಬಿಡಿಭಾಗಗಳು ಮತ್ತು ಅವುಗಳ ಜೋಡಣೆ ಗೊತ್ತಿದ್ದರೆ ಇನ್ನೊಬ್ಬರು ಅದನ್ನು ಕಟ್ಟಬಹುದು. ಹಾಗೆಯೇ ಅದರ ವರ್ತನೆಯನ್ನು ಗಣಿತದಲ್ಲೂ ಬರೆಯಬಹುದು.

ಆಂಪ್ ಲೆಕ್ಕವಾಗುವುದು ಹೇಗೆ?

ಗಿಟಾರಿನ ಸಂಕೇತವನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿ ಬರೆದುಕೊಂಡರೆ ಅದು ಡಿಜಿಟಲ್ ಆಯಿತು. ಈ ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಈಗ ಬೇಕಿರುವುದು, ಪ್ರತಿ ಅಂಕಿಗೂ ಅಸಲಿ ಆಂಪ್ ಕೊಡಬಹುದಾದ ಉತ್ತರವನ್ನು ಲೆಕ್ಕಹಾಕುವ ಸೂತ್ರ.

ಇದಕ್ಕೆ ಎರಡು ವಿಧಾನಗಳಿವೆ. ಮೊದಲನೆಯದರಲ್ಲಿ ಆಂಪ್‌ನ ಸರ್ಕ್ಯೂಟನ್ನು ಎದುರಿಗಿಟ್ಟುಕೊಂಡು ವಾಲ್ವ್, ರೆಸಿಸ್ಟರ್, ಕೆಪಾಸಿಟರ್‌ಗಳ ವರ್ತನೆಯನ್ನು ಸಮೀಕರಣಗಳಾಗಿ ಬರೆಯುತ್ತಾರೆ. ಎರಡನೆಯದರಲ್ಲಿ ಒಳಗೇನಿದೆ ಎಂದು ನೋಡುವುದೇ ಇಲ್ಲ. ಆಂಪ್‌ಗೆ ಗೊತ್ತಿರುವ ಸಂಕೇತವನ್ನು ಕೊಟ್ಟು, ಹೊರಗೆ ಬಂದದ್ದನ್ನು ದಾಖಲಿಸಿ, ಎರಡರ ನಡುವಿನ ಸಂಬಂಧವನ್ನು ಕಲಿಯುತ್ತಾರೆ. 2011ರಲ್ಲಿ ಜರ್ಮನಿಯ ಕೆಂಪರ್ ಸಂಸ್ಥೆಯ ಯಂತ್ರ ಈ ಬಗೆಯ ‘ಪ್ರೊಫೈಲ್’ ಮಾಡುವುದನ್ನು ಜನಪ್ರಿಯಗೊಳಿಸಿತು. ಈಗ ಈ ಕಲಿಕೆಯನ್ನು ನ್ಯೂರಲ್ ನೆಟ್‌ವರ್ಕ್‌ಗಳಿಗೆ ಒಪ್ಪಿಸುವುದು ರೂಢಿಯಾಗಿದೆ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇಂಥ ನೆಟ್‌ವರ್ಕ್ ನುಡಿಸುವ ಹೊತ್ತಿನಲ್ಲೇ ಉತ್ತರ ಕೊಡುವಷ್ಟು ವೇಗವಾಗಿ ಓಡಬಲ್ಲದು ಎಂದು ತೋರಿಸಿದ್ದರು.

ಎರಡೂ ವಿಧಾನಗಳ ಕೊನೆಗೆ ಸಿಗುವುದು ಒಂದು ಪ್ರೋಗ್ರಾಮ್. ಅದನ್ನು ಯಾವ ಚಿಪ್ ಮೇಲೆ ಓಡಿಸಿದರೂ, ಲೆಕ್ಕ ಒಂದೇ ಆಗಿದ್ದರೆ ಉತ್ತರವೂ ಒಂದೇ.

ಪ್ರೊಸೆಸರ್ ಪೆಟ್ಟಿಗೆ ತೆರೆದರೆ ಏನು ಕಾಣುತ್ತದೆ?

ಪ್ರೊಸೆಸರ್ ಒಳಗೆ ವಾಲ್ವ್‌ಗಳಿರುತ್ತವೆ, ಅದಕ್ಕೇ ಅದರ ಸದ್ದು ಅಸಲಿ ಎಂದು ಕೆಲವರು ನಂಬುತ್ತಾರೆ. ಆದರೆ ಇಂಥ ಬಹುತೇಕ ಪೆಟ್ಟಿಗೆಗಳೊಳಗೆ ಇರುವುದು ಸಂಕೇತಗಳ ಲೆಕ್ಕಕ್ಕೆಂದೇ ಮಾಡಿದ ಚಿಪ್, ಮೆಮೊರಿ ಮತ್ತು ಅದಕ್ಕೆ ಬರೆದ ತಂತ್ರಾಂಶ. ಅಂದರೆ ಅದೂ ಒಂದು ಕಂಪ್ಯೂಟರೇ. ಕೀಲಿಮಣೆಯ ಬದಲು ಕಾಲಿನ ಸ್ವಿಚ್‌ಗಳಿವೆ, ಅಷ್ಟೆ. ಮಾಡ್ ಡಿವೈಸಸ್ ಎಂಬ ಸಂಸ್ಥೆಯ ಪೆಡಲ್‌ಗಳಂತೂ ಸರ್ವರ್‌ಗಳಲ್ಲಿ ಬಳಕೆಯಾಗುವ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಮೇಲೆಯೇ ನಡೆಯುತ್ತವೆ.

ಇದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ ತಯಾರಕರಿಂದಲೇ ಸಿಗುತ್ತದೆ. ಅಮೆರಿಕದ ಲೈನ್ 6 ಸಂಸ್ಥೆ 2015ರಲ್ಲಿ ಹೀಲಿಕ್ಸ್ ಎಂಬ ಪ್ರೊಸೆಸರನ್ನು ಹೊರತಂದಿತು. 2017ರಲ್ಲಿ ಅದೇ ಸಂಸ್ಥೆ ಹೀಲಿಕ್ಸ್ ನೇಟಿವ್ ಎಂಬ ತಂತ್ರಾಂಶವನ್ನು ಕೊಟ್ಟಿತು. ಪೆಟ್ಟಿಗೆಯಲ್ಲಿರುವ ಆಂಪ್ ಮಾದರಿಗಳೇ ಇದರಲ್ಲೂ ಇವೆ. ಒಂದರಲ್ಲಿ ಮಾಡಿಟ್ಟುಕೊಂಡ ಸೆಟ್ಟಿಂಗ್ ಅನ್ನು ಇನ್ನೊಂದಕ್ಕೆ ಒಯ್ಯಬಹುದು. ಟೋನೆಕ್ಸ್‌ನ ಕಥೆ ತಿರುಗುಮುರುಗು. ಐಕೆ ಮಲ್ಟಿಮೀಡಿಯಾ ಅದನ್ನು 2022ರಲ್ಲಿ ಮೊದಲು ತಂತ್ರಾಂಶವಾಗಿ ತಂದು, 2023ರಲ್ಲಿ ಪೆಡಲ್ ಮಾಡಿತು. ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ ಮುಕ್ತ ತಂತ್ರಾಂಶದ ಮಾದರಿಗಳನ್ನು ಇಂದು ಕೆಲವು ಪೆಡಲ್‌ಗಳೂ ಓದುತ್ತವೆ.

ಒಂದೇ ಮಾದರಿ ಪೆಟ್ಟಿಗೆಯಲ್ಲಿದ್ದಾಗ ಅಸಲಿ, ಲ್ಯಾಪ್‌ಟಾಪ್‌ನಲ್ಲಿದ್ದಾಗ ನಕಲಿ ಆಗಲು ಸಾಧ್ಯವಿಲ್ಲ. ಅಸಲಿ ವಾಲ್ವ್ ಆಂಪ್‌ಗೆ ಹೋಲಿಸಿದರೆ ಎರಡೂ ಅನುಕರಣೆಗಳೇ. ಅನುಕರಣೆ ಎಷ್ಟು ಚೆನ್ನಾಗಿದೆ ಎನ್ನುವುದು ಮಾದರಿಯ ಗುಣಮಟ್ಟವನ್ನು ಅವಲಂಬಿಸಿದೆ, ಅದು ಕುಳಿತಿರುವ ಡಬ್ಬಿಯನ್ನಲ್ಲ.

ಹಾಗಾದರೆ ಕಿವಿಗೆ ವ್ಯತ್ಯಾಸ ಕೇಳುವುದೇಕೆ?

ಲ್ಯಾಪ್‌ಟಾಪ್‌ಗೆ ಗಿಟಾರ್ ಚುಚ್ಚಿ ನಿರಾಶರಾದವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕೆಟ್ಟ ಸದ್ದು ಕೇಳಿದ್ದು ನಿಜ. ಆದರೆ ಕಾರಣ ಸಾಮಾನ್ಯವಾಗಿ ಆಂಪ್ ಮಾದರಿಯ ಮೊದಲು ಅಥವಾ ನಂತರ ಇರುತ್ತದೆ.

ಮೊದಲ ಕಾರಣ, ಗಿಟಾರ್ ಒಳಹೋಗುವ ಜಾಗ. ಗಿಟಾರಿನ ಪಿಕಪ್ ತೀರಾ ದುರ್ಬಲ ಮೂಲ. ಅದನ್ನು ಜೋಡಿಸುವ ಕಡೆ ಪ್ರತಿರೋಧ ಸುಮಾರು 10 ಲಕ್ಷ ಓಮ್ ಇರಬೇಕು. ಆಂಪ್ ಮತ್ತು ಪ್ರೊಸೆಸರ್‌ಗಳಲ್ಲಿ ಹಾಗೇ ಇರುತ್ತದೆ. ಸಾಮಾನ್ಯ ಲೈನ್ ಇನ್‌ಪುಟ್‌ನಲ್ಲಿ ಇದು ಹತ್ತು ಸಾವಿರ ಓಮ್ ಆಸುಪಾಸು. ಅಲ್ಲಿ ಗಿಟಾರ್ ಚುಚ್ಚಿದರೆ ಮೇಲಿನ ಕಂಪನಾಂಕಗಳು ಸೋರಿಹೋಗಿ, ಕಂಬಳಿ ಹೊದಿಸಿದಂತೆ ಮಂಕು ಸದ್ದು ಬರುತ್ತದೆ. ಗಿಟಾರಿಗೆಂದೇ ಇನ್‌ಪುಟ್ ಇರುವ ಸಣ್ಣ ಆಡಿಯೋ ಇಂಟರ್‌ಫೇಸ್ ಬಳಸಿದರೆ ಈ ತೊಂದರೆ ಇಲ್ಲ. ಅಲ್ಲಿಯೂ ಸಂಕೇತದ ಮಟ್ಟ ತೀರಾ ಕಡಿಮೆ ಅಥವಾ ತೀರಾ ಹೆಚ್ಚಾದರೆ ಮಾದರಿ ಬೇರೆಯಾಗಿಯೇ ವರ್ತಿಸುತ್ತದೆ.

ಎರಡನೆಯದು, ಸ್ಪೀಕರ್. ಮೇಲೆ ಹೇಳಿದ ಕತ್ತರಿಯನ್ನು ಡಿಜಿಟಲ್‌ನಲ್ಲಿ ‘ಇಂಪಲ್ಸ್ ರೆಸ್ಪಾನ್ಸ್’ ಎಂಬ ಸಣ್ಣ ಕಡತ ಮಾಡುತ್ತದೆ. ಒಂದು ಸ್ಪೀಕರ್ ಮತ್ತು ಅದರ ಮುಂದಿಟ್ಟ ಮೈಕ್‌ನ ಗುರುತು ಅದರಲ್ಲಿರುತ್ತದೆ. ತಂತ್ರಾಂಶದಲ್ಲಿ ಇದನ್ನು ಹಾಕಲು ಮರೆತರೆ ಜೀರುಂಡೆ ಸದ್ದು ಗ್ಯಾರಂಟಿ. ಪ್ರೊಸೆಸರ್‌ನ ಸಿದ್ಧ ಸೆಟ್ಟಿಂಗ್‌ಗಳಲ್ಲಿ ಇದು ಮೊದಲೇ ಸೇರಿರುತ್ತದೆ, ಹಾಗಾಗಿ ಅದರ ಸದ್ದೇ ಚೆನ್ನಾಗಿದೆ ಎನಿಸುತ್ತದೆ.

ಮೂರನೆಯದು, ನಾವು ಕೇಳುವ ರೀತಿ. ಕೋಣೆಯಲ್ಲಿಟ್ಟ ಆಂಪ್ ಗಾಳಿಯನ್ನು ನೂಕುತ್ತದೆ, ನೆಲ ಅದುರುತ್ತದೆ, ಸ್ಪೀಕರಿನ ಸದ್ದಿಗೆ ತಂತಿಯೇ ಮತ್ತೆ ಕಂಪಿಸುತ್ತದೆ. ಹೆಡ್‌ಫೋನ್‌ನಲ್ಲಿ ಇದಾವುದೂ ಇಲ್ಲ. ಪ್ರೊಸೆಸರನ್ನು ಹೆಡ್‌ಫೋನ್‌ನಲ್ಲಿ ಕೇಳಿದರೂ ಇರುವುದಿಲ್ಲ. ಅಂಗಡಿಯಲ್ಲಿ ದೊಡ್ಡ ಸ್ಪೀಕರಿಗೆ ಜೋಡಿಸಿದ ಪ್ರೊಸೆಸರನ್ನು ಕೇಳಿಬಂದು, ಮನೆಯಲ್ಲಿ ಲ್ಯಾಪ್‌ಟಾಪ್‌ನ ಪುಟ್ಟ ಸ್ಪೀಕರಿನಲ್ಲಿ ತಂತ್ರಾಂಶ ಕೇಳಿದರೆ ಹೋಲಿಕೆ ಸ್ಪೀಕರುಗಳದ್ದಾಗುತ್ತದೆ, ಆಂಪ್‌ಗಳದ್ದಲ್ಲ.

ನಾಲ್ಕನೆಯದು, ಜೋರು. ಸದ್ದಿನ ಮಟ್ಟ ಬದಲಾದಂತೆ ನಮ್ಮ ಕಿವಿ ಬೇರೆ ಬೇರೆ ಕಂಪನಾಂಕಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಗ್ರಹಿಸುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಮೆಲ್ಲಗೆ ಕೇಳಿದಾಗ ಕೆಳಗಿನ ಸ್ವರಗಳು ಮಾಯವಾಗುತ್ತವೆ. ಎರಡರಲ್ಲಿ ತುಸು ಜೋರಾಗಿರುವುದೇ ತುಂಬಿಕೊಂಡಂತೆ, ‘ಅಸಲಿ’ಯಂತೆ ಕೇಳುತ್ತದೆ.

ಮಾದರಿಯ ಒಳಗೇ ಇರಬಹುದಾದ ಒಂದು ದೋಷವೂ ಇದೆ. ಸೆಕೆಂಡಿಗೆ 48,000 ಸಲ ಅಳೆದಾಗ 24,000 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಹಿಡಿಯಬಹುದು. ಗರಗರ ದನಿಯಲ್ಲಿ 30,000 ಹರ್ಟ್ಸ್‌ನ ಒಂದು ಅಂಶ ಹುಟ್ಟಿತು ಎನ್ನಿ. ಅದು ಮಡಚಿಕೊಂಡು 18,000 ಹರ್ಟ್ಸ್‌ನಲ್ಲಿ ಬಂದು ಕೂರುತ್ತದೆ. ಸ್ವರಕ್ಕೂ ಅದಕ್ಕೂ ಸಂಬಂಧವಿಲ್ಲದ ಕಾರಣ ಕರ್ಕಶವಾಗಿ ಕೇಳುತ್ತದೆ. ಇದನ್ನು ತಡೆಯಲು ಲೆಕ್ಕವನ್ನು ನಾಲ್ಕು ಅಥವಾ ಎಂಟು ಪಟ್ಟು ವೇಗದಲ್ಲಿ ಮಾಡಬೇಕು, ಅದಕ್ಕೆ ಚಿಪ್‌ನ ಬಲ ಬೇಕು. ಈ ವಿಷಯದಲ್ಲಿ ಅಗ್ಗದ ಪ್ರೊಸೆಸರಿಗಿಂತ ಇಂದಿನ ಸಾಧಾರಣ ಲ್ಯಾಪ್‌ಟಾಪ್‌ಗೇ ಹೆಚ್ಚು ಶಕ್ತಿ ಇರುತ್ತದೆ.

ನಿಜವಾದ ವ್ಯತ್ಯಾಸ: ಕಾಲ

ಪ್ರೊಸೆಸರ್ ನಿಜಕ್ಕೂ ಮುಂದಿರುವುದು ಸಮಯಪಾಲನೆಯಲ್ಲಿ. ತಂತಿ ಮೀಟಿದ ಕ್ಷಣಕ್ಕೂ ಸದ್ದು ಕೇಳುವ ಕ್ಷಣಕ್ಕೂ ನಡುವಿನ ಅಂತರ ಹೆಚ್ಚಾದರೆ ನುಡಿಸುವುದೇ ಕಷ್ಟ. ಕೈ ಒಂದು ಕಡೆ, ತಾಳ ಇನ್ನೊಂದು ಕಡೆ.

ಕಂಪ್ಯೂಟರ್ ಅಂಕಿಗಳನ್ನು ಒಂದೊಂದಾಗಿ ನಿಭಾಯಿಸುವುದಿಲ್ಲ. ಒಂದು ಕಂತೆ ತುಂಬುವವರೆಗೆ ಕಾದು, ಒಟ್ಟಿಗೆ ಲೆಕ್ಕ ಮಾಡಿ ಹೊರಗೆ ಕಳಿಸುತ್ತದೆ. ಈ ಕಂತೆಯೇ ಬಫರ್. 48,000ದ ವೇಗದಲ್ಲಿ 128 ಸ್ಯಾಂಪಲ್‌ಗಳ ಬಫರ್ ತುಂಬಲು ಸುಮಾರು 2.7 ಮಿಲಿಸೆಕೆಂಡು ಬೇಕು. ಒಳಗೆ ಒಂದು, ಹೊರಗೆ ಒಂದು ಬಫರ್, ಜೊತೆಗೆ ಇಂಟರ್‌ಫೇಸ್ ಮತ್ತು ಯುಎಸ್‌ಬಿಯ ಪಾಲು ಸೇರಿದರೆ 8 ಮಿಲಿಸೆಕೆಂಡು ಆಸುಪಾಸಾಗುತ್ತದೆ. ಇದು ದೊಡ್ಡದೇ? ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ ಆಂಪ್‌ನಿಂದ ಮೂರು ಮೀಟರ್ ದೂರ ನಿಂತರೂ ಸದ್ದು ನಿಮ್ಮ ಕಿವಿ ತಲುಪಲು ಸುಮಾರು 9 ಮಿಲಿಸೆಕೆಂಡು ಬೇಕು. ಅದು ಯಾರಿಗೂ ತೊಡಕೆನಿಸಿಲ್ಲ.

ಆದರೆ ಬಫರನ್ನು 512ಕ್ಕೆ ಏರಿಸಿದರೆ ಎರಡು ಬಫರ್‌ಗಳಿಗೇ 21 ಮಿಲಿಸೆಕೆಂಡು ದಾಟುತ್ತದೆ. ಏಳು ಮೀಟರ್ ಆಚೆ ಆಂಪ್ ಇಟ್ಟಂತೆ. ವೇಗದ ನುಡಿಸಾಣಿಕೆಯಲ್ಲಿ ಇದು ಕೈಗೆ ಗೊತ್ತಾಗುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿದರಂತೂ 100 ಮಿಲಿಸೆಕೆಂಡು ಮೀರುವುದು ಸಾಮಾನ್ಯ. ತಂತ್ರಾಂಶ ಕೆಟ್ಟದ್ದು ಎಂದು ಕೈಬಿಡುವ ಮುನ್ನ ಒಮ್ಮೆ ತಂತಿಯ ಹೆಡ್‌ಫೋನ್ ಹಾಕಿ ನೋಡಿ. ವಿಂಡೋಸ್ ಬಳಸುವವರು ಇಂಟರ್‌ಫೇಸಿನ ಜೊತೆ ಬರುವ ಆಸಿಯೋ ಡ್ರೈವರನ್ನು ಹಾಕಿಕೊಳ್ಳುವುದು ಮುಖ್ಯ.

ಬಫರನ್ನು ತೀರಾ ಚಿಕ್ಕದು ಮಾಡಿದರೆ ಇನ್ನೊಂದು ಅಪಾಯ. ಲ್ಯಾಪ್‌ಟಾಪ್ ಒಂದೇ ಕೆಲಸಕ್ಕೆ ಮೀಸಲಲ್ಲ. ವೈಫೈ, ವೈರಸ್ ತಪಾಸಣೆ, ಅಪ್‌ಡೇಟ್ ಎಲ್ಲವೂ ನಡುವೆ ನುಗ್ಗುತ್ತವೆ. 2.7 ಮಿಲಿಸೆಕೆಂಡಿನೊಳಗೆ ಲೆಕ್ಕ ಮುಗಿಯದಿದ್ದರೆ ಚಟಪಟ ಸದ್ದು ಬರುತ್ತದೆ. ಪ್ರೊಸೆಸರಿನ ಚಿಪ್‌ಗೆ ಬೇರೆ ಚಿಂತೆಯಿಲ್ಲ. ಕೊಟ್ಟ ಗಡುವಿನೊಳಗೆ ಲೆಕ್ಕ ಮುಗಿಯುವಂತೆಯೇ ಅದನ್ನು ಕಟ್ಟಿರುತ್ತಾರೆ. ಪ್ರೊಸೆಸರಿಗೆ ನಾವು ಕೊಡುವ ಹೆಚ್ಚಿನ ಬೆಲೆ ಬಹುಪಾಲು ಈ ಭರವಸೆಗೆ.

ವೇದಿಕೆಯ ಲೆಕ್ಕವೇ ಬೇರೆ

ಗಣೇಶೋತ್ಸವದ ಆರ್ಕೆಸ್ಟ್ರಾ ಎಂದುಕೊಳ್ಳಿ. ವೇದಿಕೆಯಲ್ಲಿ ಕತ್ತಲು, ಧೂಳು, ಕಾಲಿಗೆ ಸಿಕ್ಕುವ ಕೇಬಲ್‌ಗಳು, ಒಂದರ ಹಿಂದೊಂದು ಹಾಡು. ಹಾಡಿನ ನಡುವೆ ಸದ್ದು ಬದಲಿಸಬೇಕು, ಎರಡೂ ಕೈ ಗಿಟಾರಿನ ಮೇಲಿವೆ. ಇಲ್ಲಿ ಕಾಲಿನಿಂದ ತುಳಿಯುವ ಸ್ವಿಚ್, ಗಟ್ಟಿ ಲೋಹದ ಮೈ, ನೇರವಾಗಿ ಮಿಕ್ಸರಿಗೆ ಹೋಗುವ ಔಟ್‌ಪುಟ್ ಇರುವ ಪ್ರೊಸೆಸರಿನ ಬೆಲೆ ಗೊತ್ತಾಗುತ್ತದೆ. ಕರೆಂಟ್ ಹೋಗಿ ಬಂದರೂ ಅದು ಬೇಗ ಎದ್ದು ನಿಲ್ಲುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ ಕೇಬಲ್ ತುಸು ಸಡಿಲವಾದರೂ ಮೌನ. ಚಾರ್ಜರ್ ಚುಚ್ಚಿದಾಗ ಅರ್ಥಿಂಗ್ ಸರಿಯಿಲ್ಲದ ಕಡೆ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುವುದೂ ಉಂಟು.

ರೆಕಾರ್ಡಿಂಗಿನಲ್ಲಿ ಇದು ತಲೆಕೆಳಗಾಗುತ್ತದೆ. ತಂತ್ರಾಂಶ ಬಳಸುವಾಗ ಗಿಟಾರಿನ ಬರಿಯ ಸಂಕೇತ ಮಾತ್ರ ದಾಖಲಾಗುತ್ತದೆ. ವಾರದ ನಂತರ ಹಾಡಿಗೆ ಆ ಆಂಪ್ ಒಪ್ಪುತ್ತಿಲ್ಲ ಎನಿಸಿದರೆ ಮತ್ತೆ ನುಡಿಸಬೇಕಿಲ್ಲ, ಆಂಪ್ ಮಾದರಿಯನ್ನು ಬದಲಿಸಿದರೆ ಸಾಕು. ಒಂದೇ ಹಾಡಿನಲ್ಲಿ ಹತ್ತು ಗಿಟಾರುಗಳಿಗೆ ಹತ್ತು ಆಂಪ್ ಹಾಕಬಹುದು. ಇವುಗಳಲ್ಲಿ ಕೆಲವನ್ನು ಪ್ರೊಸೆಸರಿನಲ್ಲೂ ಮಾಡಬಹುದಾದರೂ ಇಷ್ಟು ಸಲೀಸಲ್ಲ.

ಎಷ್ಟು ವರ್ಷ ಬಾಳುತ್ತದೆ?

1959ರ ವಾಲ್ವ್ ಆಂಪ್ ಕೆಟ್ಟರೆ ಬಿಡಿಭಾಗ ಹಾಕಿ ಇಂದೂ ರಿಪೇರಿ ಮಾಡಬಹುದು. ಡಿಜಿಟಲ್ ಆಂಪ್‌ಗೆ ಈ ಭಾಗ್ಯವಿಲ್ಲ. 2019ರಲ್ಲಿ ಆಪಲ್ ತನ್ನ ಮ್ಯಾಕ್‌ಒಎಸ್ ಕ್ಯಾಟಲಿನಾದಲ್ಲಿ 32 ಬಿಟ್ ತಂತ್ರಾಂಶಗಳಿಗೆ ಬೆಂಬಲ ನಿಲ್ಲಿಸಿದಾಗ, ದುಡ್ಡು ಕೊಟ್ಟು ಕೊಂಡಿದ್ದ ಎಷ್ಟೋ ಹಳೆಯ ಸಂಗೀತ ತಂತ್ರಾಂಶಗಳು ಹೊಸ ವ್ಯವಸ್ಥೆಯಲ್ಲಿ ತೆರೆಯದಾದವು. ಪ್ರೊಸೆಸರ್ ಹೀಗೆ ಏಕಾಏಕಿ ನಿಲ್ಲುವುದಿಲ್ಲ. ಹೊಸ ಅಪ್‌ಡೇಟ್ ಬರದಿದ್ದರೂ ಕೊಂಡ ದಿನ ಮಾಡುತ್ತಿದ್ದುದನ್ನು ಮಾಡುತ್ತಲೇ ಇರುತ್ತದೆ. ಬೇಡವೆನಿಸಿದರೆ ಸೆಕೆಂಡ್ ಹ್ಯಾಂಡ್ ಮಾರಬಹುದು. ತಂತ್ರಾಂಶದ ಲೈಸೆನ್ಸನ್ನು ಮರುಮಾರಾಟ ಮಾಡಲು ಹಲವು ಸಂಸ್ಥೆಗಳು ಬಿಡುವುದಿಲ್ಲ. ಆದರೆ ಪ್ರೊಸೆಸರ್ ಬೋರ್ಡಿನ ಮುಖ್ಯ ಚಿಪ್ ಸುಟ್ಟರೆ ಊರಿನ ರಿಪೇರಿ ಅಂಗಡಿಯಲ್ಲಿ ಸರಿಯಾಗುವುದು ಕಷ್ಟ.

ಕೊಳ್ಳುವ ಮುನ್ನ ಒಂದು ಪರೀಕ್ಷೆ

ಯಾರ ಮಾತನ್ನೂ, ನಮ್ಮ ಮಾತನ್ನೂ ಸೇರಿಸಿ, ಹಾಗೇ ನಂಬಬೇಕಿಲ್ಲ. ಗೆಳೆಯರ ಬಳಿ ಪ್ರೊಸೆಸರ್ ಇದ್ದರೆ ಹೀಗೆ ಮಾಡಿ. ಒಂದು ತುಣುಕನ್ನು ಆಂಪ್ ಇಲ್ಲದೆ ಬರಿಯ ಸಂಕೇತವಾಗಿ ದಾಖಲಿಸಿ. ಅದನ್ನೇ ಪ್ರೊಸೆಸರ್ ಮೂಲಕ ಒಮ್ಮೆ, ತಂತ್ರಾಂಶದ ಮೂಲಕ ಒಮ್ಮೆ ಹಾಯಿಸಿ. ಎರಡರಲ್ಲೂ ಒಂದೇ ಬಗೆಯ ಆಂಪ್ ಮಾದರಿ, ಒಂದೇ ಇಂಪಲ್ಸ್ ರೆಸ್ಪಾನ್ಸ್ ಇರಲಿ. ಜೋರು ಸರಿಸಮ ಇರುವಂತೆ ಮೀಟರ್ ನೋಡಿ ಹೊಂದಿಸಿ. ನಂತರ ಗೆಳೆಯ ನಾಣ್ಯ ಚಿಮ್ಮಿ, ಬಿದ್ದಂತೆ ಒಂದನ್ನು ಕೇಳಿಸಲಿ. ಯಾವುದೆಂದು ನೀವು ಹೇಳಬೇಕು. ಹೀಗೆ ಹತ್ತು ಸಲ.

ಹತ್ತರಲ್ಲಿ ಏಳು ಸರಿಯಾದರೆ ಬೀಗಬೇಡಿ. ಕಣ್ಣುಮುಚ್ಚಿ ಊಹಿಸಿದರೂ ಏಳು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಶೇಕಡಾ 17ರಷ್ಟಿದೆ. ಬರೀ ಊಹೆಯಿಂದ ಒಂಬತ್ತು ಅಥವಾ ಹತ್ತು ಸರಿಯಾಗುವ ಸಾಧ್ಯತೆ ಶೇಕಡಾ 1ರಷ್ಟು ಮಾತ್ರ. ಆಗ ನಿಮ್ಮ ಕಿವಿಗೆ ವ್ಯತ್ಯಾಸ ನಿಜಕ್ಕೂ ಗೊತ್ತಾಗುತ್ತಿದೆ ಎನ್ನಬಹುದು. ಗೊತ್ತಾದರೂ ಯಾವುದು ‘ಅಸಲಿ’ ಎಂದು ಅದರಿಂದ ತಿಳಿಯುವುದಿಲ್ಲ, ಯಾವುದು ನಿಮಗೆ ಇಷ್ಟ ಎಂದಷ್ಟೇ ತಿಳಿಯುತ್ತದೆ.

ಹಾಗಾದರೆ ಯಾವುದನ್ನು ಕೊಳ್ಳುವುದು?

ಮನೆಯಲ್ಲಿ ಅಭ್ಯಾಸ, ರೆಕಾರ್ಡಿಂಗ್ ಇಷ್ಟೇ ಆಗಿದ್ದು ಲ್ಯಾಪ್‌ಟಾಪ್ ಇದ್ದರೆ, ಗಿಟಾರ್ ಇನ್‌ಪುಟ್ ಇರುವ ಒಂದು ಇಂಟರ್‌ಫೇಸ್, ತಂತಿಯ ಹೆಡ್‌ಫೋನ್ ಮತ್ತು ಉಚಿತ ತಂತ್ರಾಂಶದಿಂದ ಶುರುಮಾಡಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ಸ್ಪೀಕರ್ ಅಥವಾ ಕೆಲವು ತಿಂಗಳ ಪಾಠ ಸಿಗುತ್ತದೆ. ವಾರವಾರ ವೇದಿಕೆ ಏರುವವರಿಗೆ, ಲ್ಯಾಪ್‌ಟಾಪಿನ ಸೆಟ್ಟಿಂಗ್‌ಗಳ ಜೊತೆ ಗುದ್ದಾಡಲು ಮನಸ್ಸಿಲ್ಲದವರಿಗೆ ಪ್ರೊಸೆಸರ್ ದಂಡವಲ್ಲ. ಅವರು ಕೊಳ್ಳುತ್ತಿರುವುದು ನಂಬಿಕೆಗೆ ಅರ್ಹವಾದ ಸಮಯಪಾಲನೆಯನ್ನು ಮತ್ತು ಕಾಲಿಗೆ ಸಿಗುವ ಸ್ವಿಚ್ಚನ್ನು. ಅಸಲಿ ಸದ್ದಿಗಾಗಿ ಪ್ರೊಸೆಸರ್ ಬೇಕೇ ಬೇಕು ಎಂದು ಯಾರಾದರೂ ಹೇಳಿದರೆ, ಅದರೊಳಗೂ ಓಡುವುದು ತಂತ್ರಾಂಶವೇ ಎಂಬುದನ್ನು ನೆನಪಿಸಿ.